ಇಪ್ಪತ್ತು ಖಾಲಿ ತೋಟಾ

ವರ್ಲಿನ್‌ಗೆ ಕೋವಿಯ ತೋಟಾದ ಹಿತ್ತಾಳೆಯ ಮೇಲಿದ್ದ ನಿಗಾ ಹೆಂಡತಿಯ ಮೇಲಿರಲಿಲ್ಲ. ಮನೆ ಬಿಟ್ಟು ಹೋಗುವಾಗ ಆರ್ಡಿತ್ ಅದನ್ನೇ ಹೇಳಿದ್ದಳು: "ಆ ಖಾಲಿ ತೋಟಾಗಳ ಹತ್ರ ಗೊಣಗೋದ್ರಲ್ಲಿ ಕಾಲು ಭಾಗ ನನ್ನ ಹತ್ರ ಮಾತಾಡಿದ್ರೆ ಸಾಕಿತ್ತು." ಅದಾಗಿ ಒಂಬತ್ತು ವರ್ಷ. ಈಗ ಅವಳು ಬೆಟ್ಟದಾಚೆ, ಇನ್ನೂರು ಮೈಲಿ ದೂರದಲ್ಲಿ ಒಬ್ಬಳೇ ಇದ್ದಾಳೆ.

ಮಾಂಟಾನಾದ ಆ ಬೆಟ್ಟಸೀಮೆಯಲ್ಲಿ ಒಂದು ಮಾತಿದೆ: ಬೇರೆಯವರು ಮದ್ದು ತುಂಬಿದ ತೋಟಾ ಹೊಡೆಯಬೇಡ. ಆರ್ಡಿತ್ ನಂಬಿದ್ದು ವರ್ಲಿನ್ ತುಂಬಿದ್ದನ್ನು ಮಾತ್ರ. ಗಂಡನನ್ನು ಬಿಟ್ಟರೂ ಅದನ್ನು ಬಿಡಲಿಲ್ಲ. ವರ್ಷವರ್ಷವೂ ಬೇಟೆಯ ಕಾಲ ಮುಗಿದ ಮೇಲೆ ಹುಲ್ಲಿನ ಲಾರಿಯವನ ಕೈಯಲ್ಲಿ ಒಂದು ಕಾಫಿ ಡಬ್ಬಿ ಬರುತ್ತಿತ್ತು, ಒಳಗೆ ಹೊಡೆದು ಕಪ್ಪಾದ ಇಪ್ಪತ್ತು ತೋಟಾ. ಮದುವೆಯ ಹೊಸದರಲ್ಲಿ ಸೈನ್ಯದ ಹರಾಜಿನಲ್ಲಿ ಕೊಂಡ ಯುದ್ಧಕಾಲದ ಮಾಲು. ವರ್ಲಿನ್ ತೊಳೆದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಕಚ್ಚಿಸಿ ವಾಪಸು ಕಳಿಸುತ್ತಿದ್ದ. ಚೀಟಿಯಿಲ್ಲ, ಕ್ಷೇಮಸಮಾಚಾರವಿಲ್ಲ. ಸಂಸಾರ ಅಂತ ಅವನಿಗೆ ಉಳಿದದ್ದು ಅಷ್ಟೇ, ಅದಕ್ಕಾಗಿ ಅವನು ವರ್ಷವಿಡೀ ದಾರಿ ಕಾಯುತ್ತಿದ್ದ.

ಈ ಸಲ, ತುದಿ ಬಗ್ಗಿಸಿದ ತಂತಿಯನ್ನು ತೋಟಾದೊಳಗೆ ಇಳಿಸಿ ತಡವಿದಾಗ, ಬುಡದಿಂದ ತುಸು ಮೇಲೆ ತಂತಿ ಸಿಕ್ಕಿಕೊಂಡಿತು. ಒಳಗೆ ಸುತ್ತಲೂ ಗೀರು. ಹೊಡೆದಾಗಲೆಲ್ಲ ಹಿಗ್ಗಿ ಹಿಗ್ಗಿ ಹಿತ್ತಾಳೆ ಅಲ್ಲಿ ಸವೆದಿತ್ತು. ಇನ್ನೊಮ್ಮೆ ಹೊಡೆದರೆ ಬುಡ ಕಿತ್ತು ಬಂದು, ಕೋವಿಗೆ ಕೆನ್ನೆಯಿಟ್ಟವಳ ಕಣ್ಣಿಗೇ ಉರಿ ನುಗ್ಗುತ್ತದೆ. ಹದಿನೇಳರಲ್ಲಿ ಆ ಗೀರಿತ್ತು.

ಅಂಗಡಿಯಲ್ಲಿ ಹೊಸ ಖಾಲಿ ತೋಟಾ ಸಿಗುತ್ತಿತ್ತು, ನಿಜ. ಆದರೆ ಹಳೆಯವು ಮುಗಿದವು ಎಂದು ಅವಳಿಗೆ ಹೇಳಬೇಕಲ್ಲ. ಹೇಳಿದರೆ, "ಹಾಗಾದ್ರೆ ಅಂಗಡಿ ತೋಟಾನೇ ತಗೋತೀನಿ ಬಿಡು" ಅಂದುಬಿಟ್ಟರೆ? ಇನ್ನೊಂದು ವರ್ಷ ತಡೆದೀತು ಎಂದು ಮನಸ್ಸು ಪಿಸುಗುಟ್ಟಿತು. ಆಸೆ ಎಂಥ ಕಸುಬುದಾರನ ಬುದ್ಧಿಗೂ ಮಂಕು ಬಡಿಸುತ್ತದೆ.

ಕೊನೆಗೆ ಅವನು ಸುತ್ತಿಗೆ ಎತ್ತಿಕೊಂಡ. ಇನ್ಯಾರ ಕೈಗೂ ಸಿಗಬಾರದೆಂದು ಒಂದೊಂದನ್ನೇ ಚಪ್ಪಟೆ ಮಾಡಿದ. ಚೆನ್ನಾಗಿ ಕಂಡ ಮೂರನ್ನೂ ಬಿಡಲಿಲ್ಲ, ಅವನ್ನೂ ಅಷ್ಟೇ ಸಲ ಹೊಡೆದಾಗಿತ್ತು. ಆಮೇಲೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಫೋನ್ ಮಾಡಿದ.

"ತೋಟಾ ಮುಗಿದ್ವು ಆರ್ಡಿತ್. ಒಳಗೆ ಗೀರು ಬಿದ್ದಿದೆ."

"ಇಪ್ಪತ್ತೂನಾ?"

"ಇಪ್ಪತ್ತೂ. ಜಜ್ಜಿಬಿಟ್ಟೆ. ಬೇಟೆಗೆ ಹೋಗೋಕೆ ಮುಂಚೆ..."

"ಯಾವ ಬೇಟೆ ಮಹಾರಾಯ? ಮಂಡಿ ಹೋಗಿ ನಾಲ್ಕು ವರ್ಷ ಆಯ್ತು. ಬೆಟ್ಟ ಹತ್ತಲ್ಲ ನಾನು."

ವರ್ಲಿನ್‌ಗೆ ತಲೆಬುಡ ತಿಳಿಯಲಿಲ್ಲ. "ಮತ್ತೆ ಈ ಖಾಲಿ ತೋಟಾ?"

"ಹಿತ್ತಲಲ್ಲಿ ಮಣ್ಣಿನ ದಿಬ್ಬ ಇದೆ. ಅದಕ್ಕೆ ಹೊಡೀತಿದ್ದೆ. ಖಾಲಿ ಆಗ್ದೆ ನಿನಗೆ ಕಳಿಸೋದು ಹೇಗೆ?" ಅವಳ ದನಿ ಸಣ್ಣದಾಯಿತು. "ಒಂದು ಎಲ್ಕ್ ಜಿಂಕೆ ಹೊಡೆಯೋಕೆ ಇಪ್ಪತ್ತು ಗುಂಡು ಯಾಕೆ ಅಂತ ನೀನು ಒಂದು ವರ್ಷನೂ ಕೇಳ್ಲಿಲ್ಲ."

"ಕಣ್ಣು ಹೋಗ್ತಿತ್ತಲ್ಲೇ, ಹುಚ್ಚಿ!" ಅವನು ಕಿರುಚಿದ. ಅಡಿಗೆಮನೆಯ ನೆಲದ ಮೇಲೇ ಕುಳಿತ. ನಾಲ್ಕು ವರ್ಷ, ವರ್ಷಕ್ಕೆ ಇಪ್ಪತ್ತು ಸಲ, ಆ ಸವೆದ ಹಿತ್ತಾಳೆಯ ಪಕ್ಕ ಅವಳ ಕೆನ್ನೆ. ಬಿಕ್ಕಿ ಬಂದ ಅಳು ತಡೆಯಲಾಗಲಿಲ್ಲ, ಅವಳಿಗೆ ಕೇಳಿಸಿದರೆ ಕೇಳಿಸಲಿ ಎಂದು ಫೋನ್ ಕಿವಿಯಿಂದ ತೆಗೆಯಲಿಲ್ಲ.

"ನಾಳೆ ಬರ್ಲಾ?" ಅಂದ.

"ಏನು ತರ್ತೀಯಾ?"

"ಏನೂ ಇಲ್ಲ."



"ಹಾಗಾದ್ರೆ ಬಾ."