ಬನ್ನಿ ಮುಟ್ಟಿದ ಮಾತು

ಕೊಲ್ಹಾರದ ಯಲ್ಲವ್ವ ಕುಂಕುಮದ ಭರಣಿ ಹಿಡಿದು ಹೊಸ್ತಿಲಿಗೆ ಬಂದಳೆಂದರೆ ಆ ಮನೆಯ ಹೆಂಗಸು ಬರಲಾರೆ ಎನ್ನುವಂತಿರಲಿಲ್ಲ. ಚೀಟಿ ಹಂಚುವುದು, ಆಟೋಕ್ಕೆ ಮೈಕು ಕಟ್ಟಿ ಕೂಗಿಸುವುದು ಗಂಡಸರ ಕೆಲಸ. ಅವಳು ಸಭೆಗೂ ಮದುವೆಗೆ ಕರೆದಂತೆಯೇ ಕರೆಯುತ್ತಿದ್ದಳು. ಹಣೆಗೆ ಕುಂಕುಮ ಹಚ್ಚಿ, ಕೈಗೆ ಎಲೆ ಅಡಿಕೆ ಕೊಟ್ಟು, ನಿಮ್ಮ ಮನೆಯ ಕೆಲಸವೇ ಇದೆ, ಬರಬೇಕು ಎನ್ನುತ್ತಿದ್ದಳು. ಪಕ್ಕದ ಮನೆಯ ಸೈದಾಬಿಗೆ ಕುಂಕುಮವಿಲ್ಲ, ಆಕೆಗೆ ಒಂದು ಹಿಡಿ ಸಕ್ಕರೆ, ಒಂದು ಮೊಳ ಮಲ್ಲಿಗೆ. ಹಾಗೆ ಕರೆಸಿಕೊಂಡವರು ಬರದಿದ್ದರೆ ಕುಂದು ಅವರಿಗೆ. ಬಂದ ಮೇಲೆ ಕೆಲಸ ಕೆಟ್ಟರೆ ಕುಂದು ಕರೆದವಳಿಗೆ. ಯಾರೂ ಬರೆದಿಟ್ಟ ಕಾಯ್ದೆಯಲ್ಲ ಇದು, ಆದರೆ ಬೆಂಗಳೂರಿನಲ್ಲಿ ಬರೆದ ಎಷ್ಟೋ ಕಾಯ್ದೆಗಳಿಗಿಂತ ಗಟ್ಟಿ.

ಅವಳು ಕರೆಯುತ್ತಿದ್ದುದು ಸಣ್ಣ ಕೆಲಸಕ್ಕಲ್ಲ. ಉತ್ತರ ಕರ್ನಾಟಕ ಬೇರೆ ರಾಜ್ಯ ಆಗಬೇಕು ಎಂಬ ಹೋರಾಟಕ್ಕೆ. ನಗುವವರು ನಕ್ಕರು. ಅಂಥವರಿಗೆ ಅವಳು ನೀರಿನ ಕಡೆ ಕೈ ತೋರಿಸುತ್ತಿದ್ದಳು. ಅವಳು ಹುಟ್ಟಿದ ಹಳೇ ಕೊಲ್ಹಾರ ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಊರು ಮುಳುಗಬೇಕೆಂದು ನಿರ್ಧಾರವಾದದ್ದು ಇಡೀ ರಾತ್ರಿ ಬಸ್ಸಿನಲ್ಲಿ ಕೂತರೆ ಸಿಗುವ ಊರಲ್ಲಿ, ಈ ಹೊಳೆಯ ಮುಖ ನೋಡದವರ ಕೋಣೆಯಲ್ಲಿ. ಹೊಸ ಊರಿಗೆ ಕುಡಿಯುವ ನೀರು ಕೊಡಿ ಎಂದು ಕೇಳಲು ಅವಳ ಅಪ್ಪ ಅಲ್ಲಿಗೆ ಹೋದಾಗ ಸಾಹೇಬರು ಊಟಕ್ಕೆ ಹೋಗಿದ್ದರು. ಮನೆ ನುಂಗಿದ ನೀರು ಹಿತ್ತಲಲ್ಲೇ ನಿಂತಿತ್ತು, ಕುಡಿಯುವ ನೀರು ಮಾತ್ರ ಟ್ಯಾಂಕರಿನಲ್ಲಿ ಬರುತ್ತಿತ್ತು. ಅಪ್ಪ ಸಾಯುವತನಕ ಟ್ಯಾಂಕರ್ ನೀರನ್ನೇ ಕುಡಿದ.

ಸಭೆಗಳಲ್ಲಿ ಅವಳು ಮಾತಾಡುತ್ತಿದ್ದುದು ಕಡಿಮೆ, ಆದರೆ ಆಡಿದ್ದು ಹತ್ತೂರು ಸುತ್ತುತ್ತಿತ್ತು.

"ಬೆಳಗಾವಿಯೊಳಗ ಸೌಧಾ ಕಟ್ಯಾರ, ಚಳಿಗಾಲದಾಗ ನಾಲ್ಕ ದಿನ ಬಾಗಲಾ ತಗೀತಾರ. ಅವರೇನು ಬೀಗರೇನು, ವರ್ಷಕ್ಕೊಮ್ಮೆ ಬಂದು ಉಂಡು ಹೋಗಾಕ? ನಮ್ಮ ಹೊಳಿ ಮಾತು ಆಡವ್ರು ನಮ್ಮ ಹೊಳಿ ದಂಡ್ಯಾಗ ಕುಂತು ಆಡಬೇಕು."

ಹೋರಾಟಕ್ಕೆ ಒಂದೇ ಜಿಲ್ಲೆಯ ನಾಲ್ಕು ತಾಲೂಕಿನ ನಾಲ್ವರು ಮುಂದಾಳುಗಳು. ಇಂಡಿ ಊರಿನ ವಕೀಲ ಹೃಷೀಕೇಶ ಎಲ್ಲರಿಗೂ ಮುಖಂಡ. ಮನೆಯಲ್ಲಿ ಮರಾಠಿ, ಕೋರ್ಟಿನಲ್ಲಿ ಕನ್ನಡ, ಎರಡರಲ್ಲೂ ಬೆಣ್ಣೆಯಂಥ ಮಾತು. ಸಿಂದಗಿಯಿಂದ ರಾವಸಾಬ, ಮುದ್ದೇಬಿಹಾಳದಿಂದ ಯಲ್ಲಾಲಿಂಗ. ಬಾಗೇವಾಡಿ ಕಡೆಯಿಂದ ಯಲ್ಲವ್ವನ ಗಂಡ, ನಿವೃತ್ತ ಮಾಸ್ತರ ಮಲ್ಲಣ್ಣ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಇವರು ಹೊಸ ರಾಜ್ಯದ ರಾಜಧಾನಿ ಯಾವುದಾಗಬೇಕು ಎಂದು ಒಂದು ಮಧ್ಯಾಹ್ನವಿಡೀ ಜಗಳಾಡಿದ್ದರು. ಯಲ್ಲವ್ವ ಅವರಿಗೆ ಮಜ್ಜಿಗೆ ಕೊಟ್ಟು ನಕ್ಕಿದ್ದಳು. ಆಗ ನಗಬಾರದಿತ್ತು.

ಆ ವರ್ಷದ ದಸರೆಯ ಸಂಜೆ ನಾಲ್ವರೂ ಕೊಲ್ಹಾರದ ಬನ್ನಿಕಟ್ಟೆಗೆ ಬಂದರು. ಆ ಸಂಜೆ ಈ ಸೀಮೆಯಲ್ಲಿ ಬನ್ನಿ ಎಲೆಯೇ ಬಂಗಾರ. ಕಿರಿಯರು ಹಿರಿಯರಿಗೆ ಕೊಟ್ಟು ಕಾಲು ಮುಟ್ಟುತ್ತಾರೆ, ವರ್ಷವಿಡೀ ಮುಖ ನೋಡದವರೂ ಅಂದು ಕೈ ಚಾಚುತ್ತಾರೆ. ಚಾಚಿದರೆ ಹಿಂದಿನದೆಲ್ಲ ಮುಗಿಯಿತು ಎಂದರ್ಥ. ನಾಲ್ವರೂ ಬನ್ನಿ ಮುಟ್ಟಿ ಆಣೆ ಮಾಡಿದರು: ರಾಜ್ಯ ಬರುವತನಕ ಯಾರೂ ತಮ್ಮ ಊರಿಗೆಂದು ಬೇರೆಯಾಗಿ ಏನನ್ನೂ ಬೇಡಬಾರದು. ಆಮೇಲೆ ಹೃಷೀಕೇಶ ಯಲ್ಲವ್ವನಿಗೆ ಬನ್ನಿ ಕೊಟ್ಟು, ವೈನಿ, ಹೆಣ್ಣುಮಕ್ಕಳ ಬಲ ನಿಮ್ಮ ಕೈಯಾಗ ಐತಿ ಎಂದ. ಅವಳಿಗೆ ಹೆಮ್ಮೆಯಾಯಿತು. ಮರುದಿನವೇ ಭರಣಿ ತುಂಬಿದಳು.

ಬೇಸಿಗೆಯಲ್ಲಿ ಬಾಗೇವಾಡಿಗೆ ಸಚಿವರೊಬ್ಬರು ಬರುವವರಿದ್ದರು. ಅವರ ಮುಂದೆಯೇ ಮನವಿ ಇಡೋಣ, ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಇರಲಿ ಎಂದು ವಕೀಲನ ಫೋನು ಬಂತು. ಯಲ್ಲವ್ವ ಉರಿಬಿಸಿಲಿನಲ್ಲಿ ಓಣಿ ಓಣಿ ತಿರುಗಿದಳು. ಆಗ ಮಲ್ಲಣ್ಣ ಕಣ್ಣು ತೋರಿಸಲು ಸೊಲ್ಲಾಪುರಕ್ಕೆ ಹೋಗಬೇಕೆಂದ. ಅವನಿಗೆ ಎರಡು ದಿನಕ್ಕಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಮತ್ತೆ ಭರಣಿ ಹಿಡಿದಳು. ಸೈದಾಬಿ ಮಗಳ ಬಾಣಂತನ ಬಿಟ್ಟು ಬಂದಳು. ಕೂಲಿ ಬಿಟ್ಟು ಬಂದವರಿದ್ದರು, ಗಂಡನ ಕೂಡ ಜಗಳಾಡಿ ಬಂದವರಿದ್ದರು. ಟೆಂಪೋಗಳಲ್ಲಿ ನಿಂತುಕೊಂಡೇ ಬಾಗೇವಾಡಿ ಮುಟ್ಟಿದರು.

ಸಚಿವರು ನಗುಮುಖದ ಮನುಷ್ಯ. ಹಾರ ಹಾಕಿಸಿಕೊಂಡು ಮೈಕಿನ ಮುಂದೆ ನಿಂತರು.

"ಪ್ರತ್ಯೇಕ ರಾಜ್ಯ, ಪ್ರತ್ಯೇಕ ರಾಜ್ಯ ಅಂತ ಪೇಪರ್‌ನಲ್ಲಿ ಓದ್ತಾ ಇದ್ದೆ. ಆದರೆ ನಿಮ್ಮ ನಾಯಕರು ನನ್ನ ಹತ್ತಿರ ಬಂದಿದ್ದರಲ್ಲ, ಒಬ್ಬರೂ ರಾಜ್ಯದ ಮಾತೇ ಎತ್ತಲಿಲ್ಲ. ವಕೀಲರು ಇಂಡಿ ಜಿಲ್ಲೆ ಆಗಲಿ ಅಂದರು. ರಾವಸಾಬರು ಸಿಂದಗಿ ಅಂದರು. ಯಲ್ಲಾಲಿಂಗ ಅವರು ಮುದ್ದೇಬಿಹಾಳ. ಹೋದ ವಾರ ನಮ್ಮ ಮಲ್ಲಣ್ಣ ಮೇಷ್ಟ್ರು ಬಂದು ಬಾಗೇವಾಡಿ ಅಂದರು, ಪಾಪ, ಮನೆ ರೊಟ್ಟೀನೂ ಕೊಟ್ಟು ಹೋದರು. ಜಿಲ್ಲೆ ಕೊಡೋ ಸರ್ಕಾರದ ಮೇಲೆ ಇಷ್ಟು ವಿಶ್ವಾಸ ಇಟ್ಟ ಜನಕ್ಕೆ ಬೇರೆ ರಾಜ್ಯ ಯಾಕೆ ಬೇಕು?"

ಪೆಂಡಾಲು ಗೊಳ್ಳೆಂದಿತು. ವೇದಿಕೆಯ ಮೇಲೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನೊಬ್ಬನೇ ಹೋಗಿದ್ದೆ ಎಂದು ಪ್ರತಿಯೊಬ್ಬನೂ ತಿಳಿದಿದ್ದ. ಆಣೆ ಮುರಿದದ್ದಕ್ಕಲ್ಲ, ಉಳಿದ ಮೂವರೂ ಮುರಿದದ್ದಕ್ಕೆ ಅವರಿಗೆ ಸಿಟ್ಟು ಬಂದಿತ್ತು. ಬೆಂಗಳೂರಿನವರು ಏನೂ ಕೊಡದೆಯೇ ಗೆದ್ದಿದ್ದರು. ನಾಲ್ಕು ಊರಿನ ಮುಂದೆ ಜಿಲ್ಲೆ ಎಂಬ ಒಂದೇ ರೊಟ್ಟಿಚೂರು ತೋರಿಸಿದ್ದರು, ಅಷ್ಟೇ. ಮೊದಲು ಚಪ್ಪಾಳೆ ತಟ್ಟಿದವನು ಹೃಷೀಕೇಶ. ಆಮೇಲೆ ಮೂವರೂ ತಟ್ಟಿದರು.

ಯಲ್ಲವ್ವನಿಗೆ ಅವಮಾನಕ್ಕಿಂತ ಮೊದಲು ರೊಟ್ಟಿ ನೆನಪಾಯಿತು. ನಂಬಿದ ಎಮ್ಮೆ ಕೋಣ ಈದಿತ್ತು, ಅದೂ ಅವಳ ಮನೆಯ ಕೊಟ್ಟಿಗೆಯಲ್ಲೇ. ಎದ್ದು ಕೂಗಬೇಕು ಅನ್ನಿಸಿತು. ಹಿಂದೆ ತಿರುಗಿದರೆ ಅವಳೇ ಹಚ್ಚಿದ ಕುಂಕುಮದ ಹಣೆಗಳು ಸಾಲಾಗಿ ಅವಳನ್ನೇ ನೋಡುತ್ತಿದ್ದವು. ವಾಪಸು ಬರುವಾಗ ಟೆಂಪೋದಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮನೆಗೆ ಬಂದ ಗಂಡನನ್ನು ಅವಳು ಒಂದೇ ಮಾತು ಕೇಳಿದಳು.

"ಕಣ್ಣು ಸುದ್ದ ಆದುವೇನ್ರಿ?"

ಬಾಗೇವಾಡಿ ಜಿಲ್ಲೆಯಾದರೆ ಕೊಲ್ಹಾರಕ್ಕೂ ಒಳ್ಳೆಯದಲ್ಲವೇ, ರಾಜ್ಯ ಬಂದರೂ ಜಿಲ್ಲೆ ಬೇಕೇ ಬೇಕಲ್ಲ ಎಂದು ಅವನು ಮಾಸ್ತರಿಕೆಯ ಧಾಟಿಯಲ್ಲಿ ತಿಳಿಸಿ ಹೇಳಿದ. ಭರಣಿಯನ್ನು ಅವಳು ಗೋಡೆಯ ಗೂಡಿನಲ್ಲಿ ಹಿಂದಕ್ಕೆ ಸರಿಸಿಟ್ಟಳು. ಮಳೆಗಾಲ ಕಳೆಯಿತು, ಯಾವ ಊರೂ ಜಿಲ್ಲೆಯಾಗಲಿಲ್ಲ.

ಮತ್ತೆ ದಸರೆ ಬಂತು. ಸಂಜೆ ಹೊತ್ತಿಗೆ ಹೃಷೀಕೇಶನ ಕಾರು ಓಣಿಯ ಮೂಲೆಯಲ್ಲಿ ನಿಂತಿತು. ಎರಡೂ ಕೈತುಂಬ ಬನ್ನಿ ಹಿಡಿದು ಅವನು ಯಲ್ಲವ್ವನ ಮನೆಕಟ್ಟೆಯ ಮುಂದೆ ಬಂದು ನಿಂತ. ಮಲ್ಲಣ್ಣ ಬಾಗಿಲ ಒಳಗೆ ನಿಂತಿದ್ದ.

"ಬನ್ನಿ ತೊಗೋರಿ ವೈನಿ, ಬಂಗಾರದಂಗ ಇರೋಣು. ಮೊದಲ ಜಿಲ್ಲಾ ಆಗ್ಲಿ, ಆಮ್ಯಾಲ ರಾಜ್ಯ ಐತೇ ಐತಿ. ಬರೋ ತಿಂಗಳಾ ಮತ್ತ ಸಭಾ ಇಟ್ಟೇವಿ, ಹೆಣ್ಣಮಕ್ಕಳನ್ನ ನೀವೇ ಕರೀಬೇಕು."

ಬನ್ನಿ ಹಿಡಿದು ಬಂದವನನ್ನು ಕೈ ಚಾಚದೆ ಕಳಿಸುವ ಪದ್ಧತಿ ಆ ಊರಲ್ಲಿಲ್ಲ. ಅವನಿಗೂ ಅದು ಗೊತ್ತಿತ್ತು, ಗೊತ್ತಿದ್ದೇ ಆ ದಿನ ಹಿಡಿದು ಬಂದಿದ್ದ. ಯಲ್ಲವ್ವ ಸೆರಗಿನೊಳಗೆ ಕೈ ಕಟ್ಟಿಕೊಂಡು ಕೂತಳು.

"ವಕೀಲರ, ನಾ ಕರದ ಮನಿ ಎಲ್ಲಾ ಇದೇ ಓಣ್ಯಾಗ ಅದಾವು. ಒಂದೊಂದ ಮನಿಗೆ ಹೋಗಿ ಬನ್ನಿ ಕೊಟ್ಟು ಬರ್ರಿ, ಮಾತಿಗೆ ತಪ್ಪಿದೆ ಅನ್ರಿ. ಅವರು ಕೈ ಚಾಚಿದ್ರ ನಾನೂ ಚಾಚತೇನಿ."

ಹೃಷೀಕೇಶ ನಕ್ಕ. ಇನ್ನೂ ಸಿಂದಗಿಗೆ ಹೋಗುವುದಿದೆ, ರಾವಸಾಬನ ಸಿಟ್ಟೂ ಇಳಿಸಬೇಕಿದೆ ಎಂದು ಹೇಳಿ, ಬನ್ನಿಯನ್ನು ಕಟ್ಟೆಯ ಮೇಲಿಟ್ಟು ನಡೆದ.

ಆಗ ಮಲ್ಲಣ್ಣ ಹೊರಗೆ ಬಂದ. ಕಟ್ಟೆಯ ಮೇಲಿನ ಬನ್ನಿಯನ್ನೆಲ್ಲ ಬಾಚಿಕೊಂಡು ಚಪ್ಪಲಿ ಮೆಟ್ಟಿದ. ವಕೀಲನಿಗೆ ಆಡಿದ ಮಾತು ಗಂಡನಿಗೆ ತಟ್ಟಿತಲ್ಲ ಎಂದು ಅವಳು ಎದ್ದು ನಿಂತೇಬಿಟ್ಟಳು. ಅವನು ಸೈದಾಬಿಯ ಬಾಗಿಲ ಮುಂದೆ ಹೋದ. ನಿಲ್ಲಲಿಲ್ಲ. ಮುಂದಿನ ಮನೆ ದಾಟಿದ, ಅದರಾಚೆಯದೂ ದಾಟಿದ. ಓಣಿಯ ಮೂಲೆಯಲ್ಲಿ ಕಾರಿನ ಬಾಗಿಲು ತೆರೆದೇ ಇತ್ತು. ಮಲ್ಲಣ್ಣ ಹತ್ತಿ ಕೂತ. ಕಾರು ಸಿಂದಗಿಯ ದಾರಿ ಹಿಡಿಯಿತು.

ಯಲ್ಲವ್ವ ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ದೇವರ ಮುಂದಿನ ಬನ್ನಿ ತೆಗೆದುಕೊಂಡು ತಾನೇ ಪಕ್ಕದ ಮನೆಗೆ ಹೋದಳು. ಆಣೆ ಮುರಿದವರು ಅವರು, ಆದರೆ ಕರೆದವಳು ತಾನು.

"ಬನ್ನಿ ತೊಗೋ ಸೈದಾಬಿ. ಮಾತಿಗೆ ತಪ್ಪೇನಿ."

ಸೈದಾಬಿ ಒಲೆಯ ಮುಂದಿನಿಂದ ಎದ್ದು ಬಂದಳು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಚಾಚಿ ಬನ್ನಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ಯಕ್ಕಾ. ರಾಜ್ಯ ಬೇಕಂಬೂದೂ ಖರೇನ ಐತಿ," ಎಂದಳು. ಬನ್ನಿಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾ ಹೇಳಿದಳು, "ಆದ್ರ ಇನ್ನೊಮ್ಮೆ ಕರಿಯಾಕ ಸಕ್ಕರಿ ಹಿಡಕೊಂಡು ಬರಬ್ಯಾಡ."

ಯಲ್ಲವ್ವ ಆಯಿತು ಎಂದು ತಲೆಯಾಡಿಸಿದಳು. ಓಣಿಯಲ್ಲಿ ಇನ್ನೂ ಬಹಳ ಮನೆಗಳಿದ್ದವು.