ಹೇಡ್ರಿಯನ್ನನ ಗಡ್ಡದ ಕೆಳಗಿನ ಗೀರು

ನಮ್ಮ ಮನೆಗೆ ಬಂದವರು ಕಾಫಿ ಕುಡಿಯದೆ ಹೋಗಬಹುದು, ಹೇಡ್ರಿಯನ್ ದೊರೆಯನ್ನು ನೋಡದೆ ಹೋಗುವಂತಿಲ್ಲ. ನಮ್ಮ ಯಜಮಾನರು ಕೃಷ್ಣಯ್ಯನವರು ಬ್ರಹ್ಮಾವರದಲ್ಲಿ ಪಾತ್ರೆ ಅಂಗಡಿ ಇಟ್ಟವರು. ಹಿಂದೆ ಮುಂಬೈ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಹಳೇ ರೋಮಿನ ಕಂಚಿನ ನಾಣ್ಯಗಳ ಹುಚ್ಚು ಹಿಡಿಸಿಕೊಂಡರು. ಅಲ್ಲಿನ ಫುಟ್‌ಪಾತಿನಲ್ಲಿ ಅಂಚನ್ನು ಸುತ್ತ ಮುಚ್ಚಿದ ಬೆಳ್ಳಿ ಕಟ್ಟಿನ ಸಮೇತ ಸಿಕ್ಕಿದ ಹೇಡ್ರಿಯನ್ನನ ನಾಣ್ಯವೆಂದರೆ ಅವರಿಗೆ ಜೀವ. ದೊರೆಯ ಗಡ್ಡದ ಕೆಳಗೊಂದು ಸಣ್ಣ ಗೀರು. "ಇದ್ ಯಾವ್ದೋ ರೋಮಿನ್ ಸೈನಿಕನ್ ಕತ್ತಿ ತಾಗಿದ್ದ್" ಎಂದು ಅವರು ಹೇಳುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಮಗಳು ಸುರಕ್ಷಾ ಕಿರಿಮಂಜೇಶ್ವರದ ರಂಜನ್‌ನನ್ನು ಮೆಚ್ಚಿದ್ದಳು. ನನಗೂ ಒಪ್ಪಿಗೆ. ಇವರದ್ದು ಮಾತ್ರ ಒಂದೇ ಹಟ: "ಅಸಲಿ ಯಾವ್ದ್, ನಕಲಿ ಯಾವ್ದ್ ಅಂತ ಗೊತ್ತಾಗದ್ದವ್ನಿಗೆ ನಾನ್ ಹೆಣ್ಣ್ ಕೊಡುದಿಲ್ಲ." ಇದೇ ಹುಚ್ಚು ಮಾತಿನಿಂದ ಒಂದು ಒಳ್ಳೇ ಸಂಬಂಧ ಆಗಲೇ ತಪ್ಪಿಹೋಗಿತ್ತು. ಸುರಕ್ಷಾ ಇದನ್ನು ರಂಜನ್‌ಗೂ ಹೇಳಿಟ್ಟಿದ್ದಳು.

ಭಾನುವಾರ ರಂಜನ್ ಬಂದ. ಸಾಸ್ತಾನದ ಟೋಲಿನಲ್ಲಿ ತಡವಾಯಿತೆಂದು ಕೈಮುಗಿದು ಕುಳಿತ. ಬಿಸಿ ಬನ್ಸ್ ತಟ್ಟೆ ಮುಂದಿಟ್ಟರೆ, ಅವನು ಕಿಸೆಯಿಂದ ಡಬ್ಬಿಯೊಂದನ್ನು ತೆಗೆದ. "ನಿಮ್ಗೆ ಅಂದೇಳಿ ಆನ್‌ಲೈನಲ್ಲ್ ತರ್ಸಿದೆ."

ಒಳಗೆ ಹೇಡ್ರಿಯನ್! ಪುಣ್ಯಾತ್ಮ, ಒಂದು ಕಿಲೋ ಸೇಬು ತಂದಿದ್ದರೆ ಸಾಕಾಗುತ್ತಿರಲಿಲ್ಲವೇ?

ಇವರು ಭೂತಗನ್ನಡಿ ಹಿಡಿದು ನಾಣ್ಯದ ಅಂಚನ್ನು ತಿರುಗಿಸಿದರು. "ಡೂಪ್ಲಿಕೇಟ್, ಮಾಣಿ. ಅಂಚಲ್ಲ್ ಗೆರೆ ಕಾಣ್, ಎರಕ ಹೊಯ್ದದ್ದ್. ಆಗಿನವ್ರ್ ಒಂದೊಂದನ್ನೂ ಸುತ್ತಿಗೆಯಲ್ಲ್ ಹೊಡ್ದ್ ಮಾಡ್ತಿದ್ರ್. ಒಂದ್ರ್ ಹಾಂಗೆ ಇನ್ನೊಂದ್ ಇಪ್ಪುದಿಲ್ಲ."

ಸುರಕ್ಷಾಳ ಮುಖ ಬಾಡಿತು. ಇವರಿಗೆ ಅದೆಲ್ಲಿ ಕಾಣಬೇಕು? ಉತ್ಸಾಹದಲ್ಲಿ ಒಳಗೆ ಹೋಗಿ ತಮ್ಮದನ್ನು ತಂದು, ಎರಡನ್ನೂ ರಂಜನ್‌ನ ಅಂಗೈಯಲ್ಲಿಟ್ಟರು. "ಅಸಲಿ ಅಂದ್ರೆ ಹ್ಯಾಂಗಿರತ್ ಕಾಣ್."

ಹುಡುಗ ನೋಡಿದ. ಇನ್ನೊಮ್ಮೆ ನೋಡಿದ. "ನಿಮ್ದ್ ಚಂದ ಇತ್ತ್" ಎಂದು ತಲೆ ತಗ್ಗಿಸಿ ಬನ್ಸ್ ಮುರಿಯತೊಡಗಿದ.

ಏನೋ ಇದೆಯೆಂದು ನಾನೂ ಬಗ್ಗಿದೆ. ಎರಡರಲ್ಲೂ ಗಡ್ಡದ ಕೆಳಗೆ ಅದೇ ಜಾಗದಲ್ಲಿ, ಅಷ್ಟೇ ಉದ್ದದ ಗೀರು. ಸುಮ್ಮನಿರೋಣ ಅನಿಸಿತು. ಆದರೆ ಸುಮ್ಮನಿದ್ದರೆ ಮಗಳ ಸಂಬಂಧ ಕೈತಪ್ಪುತ್ತಿತ್ತಲ್ಲ!

"ಹ್ವಾಯ್, ಆ ಸೈನಿಕ ಎರಡಕ್ಕೂ ಕತ್ತಿ ತಾಗ್ಸಿದ್ನಾ?"

ಇವರು ಭೂತಗನ್ನಡಿಯನ್ನು ಇದರ ಮೇಲಿಟ್ಟರು, ಅದರ ಮೇಲಿಟ್ಟರು. ಚಾಕುವಿನ ತುದಿಯಿಂದ ಬೆಳ್ಳಿ ಕಟ್ಟನ್ನು ಎಬ್ಬಿಸಿದರು. ಅಂಚಿನಲ್ಲಿ ಗೆರೆ ಇತ್ತು. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಇಷ್ಟು ವರ್ಷ ಗೊಣಗಿದ ನನಗೇ ಅಯ್ಯೋ ಅನಿಸಿತು.

"ನಿಂಗೆ ಆಗ್ಳೇ ಗೊತ್ತಾಯ್ತಾ ಮಾಣಿ?"

"ಹೂಂ."

"ಮತ್ತೆ ಎಂತಕ್ ಹೇಳ್ಲಿಲ್ಲ? ಹೇಳದಿದ್ರೆ ಹೆಣ್ಣ್ ಸಿಕ್ಕುದಿಲ್ಲ ಅಂತ ಗೊತ್ತಿತ್ತಲ್ಲ?"

"ನಿಮ್ಗೆ ಬೇಜಾರಾತ್ತ್ ಅಂದೇಳಿ."

ಇವರು ಅವನನ್ನೇ ನೋಡಿದರು. ಮೊದಲು ಮೀಸೆ ಅದುರಿತು, ಆಮೇಲೆ ಹೊಟ್ಟೆ ಕುಣಿಯಿತು, ನಗುನಗುತ್ತಾ ಕಣ್ಣಲ್ಲಿ ನೀರು ಬಂತು.

"ನನ್ನ್ ಲೆಕ್ಕದಲ್ಲ್ ಕಂಡ್ರೆ, ನಂಗೇ ಯಾರೂ ಹೆಣ್ಣ್ ಕೊಡುಕಾಗಿತ್ತಿಲ್ಲ ಮಾರಾಯ್ತಿ!"

"ನಮ್ಮ್ ಅಪ್ಪಯ್ಯ ಕೊಟ್ರಲ್ದಾ?" ಎಂದು ನಾನು ರಂಜನ್‌ನ ತಟ್ಟೆಗೆ ಇನ್ನೊಂದು ಬನ್ಸ್ ಹಾಕಿದೆ. "ಈಗ ನೀವ್ ಕೊಡಿ."