ಅತ್ತೆ ಆರಿಸಿದ ಬಾಟಲಿಗಳು

ಅಡುಗೆಮನೆಯ ಕಟ್ಟೆಯ ಮೇಲಿದ್ದ ಬಾಟಲಿ ಢಮ್ಮೆಂದು ಒಡೆದಾಗ ಅವಳು ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಗಾಜಿನ ಚೂರು ಕಾಲಬುಡಕ್ಕೆ ಬಂದು ಬಿತ್ತು. ಅವಳು ನಲ್ಲಿ ನಿಲ್ಲಿಸಿ ಪೊರಕೆ ತಂದಳು.

ಅತ್ತೆ ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. "ಏಟಾಯ್ತೇನೇ?"

"ಇಲ್ಲ ಅತ್ತೆ. ನಿಮ್ಮ ಕೊಂಬುಚಾ ಬಾಟಲಿ ಒಡೀತು."

"ನಂಗೆ ಎದೆ ಧಸಕ್ ಅಂತು. ನೀನು ಬೆಚ್ಚಲೂ ಇಲ್ವಲ್ಲೇ!"

ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಲು ಹೋದಂದಿನಿಂದ ಅವಳಿಗೆ ಯಾವುದೂ ತಾಗುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತಿದ್ದಳು, ಮನೆಗೆ ಬಂದು ಉಣ್ಣುತ್ತಿದ್ದಳು, ಮಲಗುತ್ತಿದ್ದಳು. ಅತ್ತೆ ಮಾತ್ರ ತಮ್ಮ ಮಗನ ಹಿಂದೆ ಹೋಗದೆ ಇಲ್ಲೇ ಉಳಿದಿದ್ದರು. ಎಷ್ಟು ದಿನಕ್ಕೆಂದು ಅವರು ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ. ಸಿಹಿ ಚಹಾಕ್ಕೆ ಹೆಪ್ಪು ಹಾಕಿ ಹುಳಿ ಬರಿಸಿ ಈ ಕೊಂಬುಚಾ ಮಾಡುವುದನ್ನು ಪಕ್ಕದ ಮನೆಯವರಿಂದ ಕಲಿತು, ಅದರಲ್ಲೇ ಹೊತ್ತು ಕಳೆಯುತ್ತಿದ್ದರು.

ಮರುದಿನ ಇಬ್ಬರೂ ಬಾಟಲಿ ಅಂಗಡಿಗೆ ಹೋದರು. ಅಂಗಡಿಯವನು ಹೂಬಳ್ಳಿ ಚಿತ್ರದ ಚೌಕ ಬಾಟಲಿಯೊಂದನ್ನು ಮುಂದಿಟ್ಟ. "ಇದನ್ನ ತಗೊಳ್ಳಿ ಅಮ್ಮಾ, ಟೇಬಲ್ ಮೇಲಿಟ್ರೆ ಎಷ್ಟು ಕಳೆ!"

"ನಿನ್ನೆ ಒಡೆದಿದ್ದು ಇಂಥದ್ದೇ ಕಣಪ್ಪ. ನೋಡೋಕೆ ಚೆಂದ. ಒಳಗೆ ಸ್ವಲ್ಪ ಗ್ಯಾಸ್ ತುಂಬಿದ್ರೆ ಮೂಲೇಲಿ ಬಿರುಕು. ಥೇಟ್ ನನ್ನ ಮಗ."

ಅಂಗಡಿಯವನು ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದ. ಅವಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ.

ಕೊನೆಗೆ ದಪ್ಪ ಗಾಜಿನ ದುಂಡು ಬಾಟಲಿಗಳು ಹೊರಬಂದವು. ರಬ್ಬರಿನ ಬಳೆಯಿದ್ದ ಮುಚ್ಚಳ, ಅದನ್ನು ಬಿಗಿಹಿಡಿಯಲು ತಂತಿಯ ಕೊಕ್ಕೆ. ಅತ್ತೆ ಒಂದೊಂದರ ಬಾಯಿಯ ಸುತ್ತ ಬೆರಳಾಡಿಸಿ, ಮುಕ್ಕಾಗದ್ದನ್ನು ಆರಿಸಿ ಇವಳ ಕೈಗೆ ಕೊಡುತ್ತ ಹೋದರು. ಚೀಲ ತುಂಬುತ್ತ ಬಂತು.

"ಇಷ್ಟೊಂದು ಯಾಕತ್ತೆ? ನಾಲ್ಕೈದು ಸಾಕಲ್ವಾ?"

"ಚಳಿಗಾಲದಲ್ಲಿ ಹುಳಿ ಬೇಗ ಬರಲ್ಲ. ಮೊದಲೇ ತುಂಬಿಟ್ಟಿರ್ಬೇಕು."

"ಚಳಿಗಾಲಕ್ಕೂ ಇರ್ತೀರಾ?"

ಅತ್ತೆ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟರು. "ಯಾಕೆ, ಹೋಗು ಅಂತೀಯಾ?"

"ಇಲ್ಲ."

ಇನ್ನೂ ಏನಾದರೂ ಹೇಳಬೇಕಿತ್ತು ಅನ್ನಿಸಿತು. ಸಂತೋಷವಾಗಬೇಕಿತ್ತು ಅಂತಲೂ ಅನ್ನಿಸಿತು. ಆಗಲಿಲ್ಲ. ಚೀಲದ ಒಂದು ಹಿಡಿ ಅತ್ತೆ ಹಿಡಿದರು, ಇನ್ನೊಂದು ಇವಳು. ದಾರಿಯುದ್ದಕ್ಕೂ ಬಾಟಲಿಗಳು ಟಣಟಣ ಎನ್ನುತ್ತಿದ್ದವು.

ಮನೆಗೆ ಬಂದು ಬಿಸಿನೀರಲ್ಲಿ ತೊಳೆದು, ಕೊರಳಿನ ಹತ್ತಿರ ಒಂದಿಷ್ಟು ಜಾಗ ಬಿಟ್ಟು ಕೊಂಬುಚಾ ತುಂಬಿದರು. ಬಿಸಿಲು ತಾಗದ ಕಡೆ ಇಡಬೇಕಿತ್ತು. ಅವಳು ಹುಡುಕಾಡಿ, ಗಂಡ ಖಾಲಿ ಮಾಡಿಹೋಗಿದ್ದ ಬಟ್ಟೆ ಕಪಾಟಿನ ಬಾಗಿಲು ತೆರೆದಳು.

"ಇಲ್ಲಿಡ್ಲಾ ಅತ್ತೆ?"

ಅತ್ತೆ ಬರಿದಾದ ಹಲಗೆಯ ಮೇಲೆ ಬೆರಳಾಡಿಸಿದರು. "ಇಡು. ದಿನಾ ಒಂದ್ಸಲ ಮುಚ್ಚಳ ತೆಗೆದು ಗ್ಯಾಸ್ ಬಿಡೋದು ಮರೀಬೇಡ."

"ಹೂಂ," ಎಂದು ಅವಳು ಒದ್ದೆ ಬಟ್ಟೆ ತಂದು ಕಪಾಟಿನ ಧೂಳು ಒರೆಸತೊಡಗಿದಳು.